ಅಪ್ಪ ಅಮ್ಮ ಇರುವಾಗಲೇ ಆಗಬೇಕಾದ ಕಾಗದದ ಕೆಲಸ

ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು ಕಂದಾಯ ಇಲಾಖೆ 2024ರಲ್ಲಿ ಊರೂರಿನಲ್ಲಿ ಕೈಗೆತ್ತಿಕೊಂಡಾಗ, ಹಳ್ಳಿಯವರಿಗೆಲ್ಲ ಗೊತ್ತಿದ್ದ ಸಂಗತಿಯೊಂದು ಲೆಕ್ಕಕ್ಕೆ ಸಿಕ್ಕಿತು. ರಾಜ್ಯದಲ್ಲಿ ಸುಮಾರು 50 ಲಕ್ಷ ಜಮೀನುಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇದ್ದವು. ಉಳುವವನು ಮೊಮ್ಮಗ, ಪಹಣಿಯಲ್ಲಿರುವುದು ಅಜ್ಜನ ಹೆಸರು. ಬೆಳೆಸಾಲಕ್ಕೆ ಹೋದರೆ ಸೊಸೈಟಿಯವರು ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. ಹೆದ್ದಾರಿಗೆ ಜಮೀನು ಹೋದರೆ ಪರಿಹಾರದ ಹಣ ವಾರಸುದಾರರ ತಕರಾರು ಮುಗಿಯುವವರೆಗೂ ಕೈಗೆ ಬರುವುದಿಲ್ಲ. 2025ರಲ್ಲಿ ಸರ್ಕಾರ ಪೌತಿ ಖಾತೆಯ ಆಂದೋಲನವನ್ನೇ ನಡೆಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಇಷ್ಟೊಂದು ದಾಖಲೆಗಳು ಹಾಗೇ ಉಳಿದದ್ದಕ್ಕೆ ಅಣ್ಣತಮ್ಮಂದಿರ ಜಗಳವೊಂದೇ ಕಾರಣವಲ್ಲ. ಜಗಳವೇ ಇಲ್ಲದ ಮನೆಗಳಲ್ಲೂ ಮಾತು ಎತ್ತುವವರಿಲ್ಲ. ಅಪ್ಪ ಬದುಕಿರುವಾಗ ಆಸ್ತಿಯ ಮಾತಾಡಿದರೆ ಅವರ ಸಾವನ್ನೇ ಕಾಯುತ್ತಿದ್ದಾನೆ ಅಂದುಕೊಂಡಾರು ಎಂಬ ಅಳುಕು ಮಕ್ಕಳಿಗೆ. ಮಗನಿಗೆ ಹೇಳಿದರೆ ಮಗಳು ನೊಂದುಕೊಂಡಾಳು ಎಂಬ ಸಂಕೋಚ ಅಪ್ಪನಿಗೆ. ಹೀಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಯಿಸಬಾರದೆಂದೇ ಸುಮ್ಮನಿರುತ್ತಾರೆ, ಅಷ್ಟರಲ್ಲಿ ಪಾರ್ಶ್ವವಾಯುವೋ ಮರೆವಿನ ಕಾಯಿಲೆಯೋ ಬಂದು ಸಹಿ ಹಾಕುವ ಕೈ, ಒಪ್ಪಿಗೆ ಹೇಳುವ ಬುದ್ಧಿ ಎರಡೂ ಹೋಗಿರುತ್ತವೆ.

ಮಾತು ಶುರು ಮಾಡುವುದಕ್ಕೆ ಹಬ್ಬದ ದಿನ ಬೇಡ. ಸೊಸೆಯಂದಿರು, ಅಳಿಯಂದಿರು ಎಲ್ಲ ಸೇರಿರುವಾಗ ಕೇಳಿದ ಪ್ರಶ್ನೆ ಪಂಚಾಯಿತಿಯಾಗುತ್ತದೆ. ನಿವೃತ್ತ ನೌಕರರಿರುವ ಮನೆಯಲ್ಲಿ ನವೆಂಬರ್ ತಿಂಗಳು ಒಳ್ಳೆಯದು. ಆಗ ಹೇಗೂ ಪಿಂಚಣಿಗಾಗಿ ಜೀವಿತ ಪ್ರಮಾಣ ಪತ್ರ ಕೊಡಿಸಲು ಅಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೀರಿ. "ಅಪ್ಪಾ, ನಿಮ್ಮ ನಂತರ ಅಮ್ಮನಿಗೆ ಪಿಂಚಣಿ ಬರಬೇಕಾದರೆ ಯಾವ ಕಾಗದ ಬೇಕಾಗುತ್ತೆ?" ಎಂದು ಅಲ್ಲಿಯೇ ಕೇಳಬಹುದು. ಹೊಲಮನೆ ಇರುವವರು ಪಹಣಿಯ ಪ್ರತಿಯೊಂದನ್ನು ತೆಗೆಸಿ ಅಪ್ಪನ ಮುಂದಿಟ್ಟರೆ ಸಾಕು, ಯಾವ ಸರ್ವೆ ನಂಬರು ಯಾವಾಗ ಹೇಗೆ ಬಂತು ಎಂಬ ಕಥೆ ತಾನಾಗಿ ಹೊರಬರುತ್ತದೆ. ಯಾರಿಗೆ ಎಷ್ಟು ಎಂಬುದು ಕೊನೆಯ ಪ್ರಶ್ನೆ. ಏನೇನಿದೆ, ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂಬುದು ಮೊದಲಿನದು.

ಆ ಪಹಣಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಜಮೀನು ಅವರಿಗೆ ಬಂದ ರೀತಿ, 11ರಲ್ಲಿ ಸಾಲ ಮತ್ತಿತರ ಋಣಗಳು ಇರುತ್ತವೆ. 9ರಲ್ಲಿ "ತಿಮ್ಮಯ್ಯ ಬಿನ್ ಸಣ್ಣಯ್ಯ" ಎಂದಿದೆ ಅನ್ನಿ. ಅದೇ ಮನುಷ್ಯ ಆಧಾರ್‌ನಲ್ಲಿ "ಎಸ್. ತಿಮ್ಮೇಗೌಡ", ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ "ತಿಮ್ಮಣ್ಣ", ಮತದಾರರ ಪಟ್ಟಿಯಲ್ಲಿ ಇನ್ನೊಂದು. ಅಮ್ಮನದು ಇನ್ನೂ ತೊಡಕು. ತವರಿನಲ್ಲಿ ಇಟ್ಟ ಹೆಸರು, ಮದುವೆಯಲ್ಲಿ ಬದಲಿಸಿದ ಹೆಸರು, "ಕೋಂ" ಸೇರಿಸಿ ಬರೆದ ಹೆಸರು ಮೂರೂ ಬೇರೆ ಬೇರೆ. ಇವರೆಲ್ಲ ಒಬ್ಬರೇ ಎಂದು ಬದುಕಿರುವ ಮನುಷ್ಯ ಪ್ರಮಾಣಪತ್ರ ಬರೆದುಕೊಡಬಹುದು, ಆಧಾರ್ ತಿದ್ದಿಸಿಕೊಳ್ಳಬಹುದು. ಅವರು ಹೋದ ಮೇಲೆ ಅದೇ ಕೆಲಸಕ್ಕೆ ಸಾಕ್ಷಿ, ಮಹಜರು, ಕೆಲವೊಮ್ಮೆ ಕೋರ್ಟು. ನನ್ನನ್ನು ಕೇಳಿದರೆ, ವಕೀಲರನ್ನು ಹುಡುಕುವ ಮೊದಲು ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ಆಗುವಂತೆ ನೋಡಿಕೊಳ್ಳಿ ಎನ್ನುತ್ತೇನೆ. ಇದರಷ್ಟು ಕಡಿಮೆ ಖರ್ಚಿನ, ಇದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಜೊತೆಗೆ ಒಂದು ನೋಟ್‌ಬುಕ್ ಮಾಡಿಸಿ. ಬ್ಯಾಂಕ್ ಖಾತೆ, ಠೇವಣಿ, ಅಂಚೆ ಕಚೇರಿಯ ಉಳಿತಾಯ, ಎಲ್‌ಐಸಿ ಪಾಲಿಸಿ, ಲಾಕರ್, ಪತ್ತಿನ ಸಹಕಾರ ಸಂಘದ ಷೇರು. ಮಲೆನಾಡು, ಕರಾವಳಿಯಲ್ಲಾದರೆ ಮ್ಯಾಮ್‌ಕೋಸ್, ಕ್ಯಾಂಪ್ಕೋದಂಥ ಅಡಿಕೆ ಸಹಕಾರ ಸಂಘಗಳ ಸದಸ್ಯತ್ವವನ್ನೂ ಮರೆಯಬಾರದು. ಕೊಟ್ಟ ಕೈಸಾಲ, ತಂದ ಕೈಸಾಲ, ಅಡವಿಟ್ಟ ಒಡವೆ ಇವೂ ಬರಬೇಕು. ಅಪ್ಪ ಬಿಟ್ಟುಹೋದ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ, ಸ್ವಂತ ದುಡಿಮೆಯಿಂದ ತೀರಿಸಬೇಕಾಗಿಲ್ಲ. ಆದರೂ ಗೊತ್ತಿದ್ದರೆ ಒಳ್ಳೆಯದು. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅಂಥದ್ದನ್ನು ಹುಡುಕಲು ಉದ್ಗಮ್ ಎಂಬ ಪೋರ್ಟಲ್ ಇದೆ, ಹಣವನ್ನು ವಾರಸುದಾರರು ವಾಪಸು ಪಡೆಯಲೂಬಹುದು.

ಪ್ರತಿ ಖಾತೆಗೂ ನಾಮಿನಿ ಇದ್ದಾರೆಯೇ ಎಂದು ನೋಡಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಗಂಡ ಹೆಂಡತಿಯ ಜಂಟಿ ಖಾತೆಯಾದರೆ ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು ನಡೆಸುವ ಷರತ್ತು ಹಾಕಿಸಿಕೊಳ್ಳಿ. ನಾಮಿನಿ ಇದ್ದರೆ, ಕಾಗದಪತ್ರ ಪೂರ್ತಿ ಕೊಟ್ಟ 15 ದಿನದೊಳಗೆ ಬ್ಯಾಂಕು ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನ ಹೇಳುತ್ತದೆ. ನಾಮಿನಿ ಇಲ್ಲದಿದ್ದರೂ 15 ಲಕ್ಷ ರೂಪಾಯಿವರೆಗೆ, ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ, ತಕರಾರಿಲ್ಲದಿದ್ದರೆ ಉತ್ತರಾಧಿಕಾರ ಪ್ರಮಾಣಪತ್ರ ಕೇಳದೆ ಸರಳ ವಿಧಾನದಲ್ಲಿ ಇತ್ಯರ್ಥ ಮಾಡಬೇಕು. ಕೌಂಟರಿನಲ್ಲಿ ಸತಾಯಿಸಿದರೆ ಈ ನಿರ್ದೇಶನವನ್ನು ಹೆಸರಿಸಿ ಕೇಳಿ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಮನೆಗಳನ್ನು ಒಡೆದಿದೆ. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು ಮಾತ್ರ, ಮಾಲೀಕರಲ್ಲ. ಬ್ಯಾಂಕ್ ಠೇವಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ ಇದನ್ನೇ ಹೇಳಿದೆ. ವಿಮೆಯ ಬಗ್ಗೆ ಕರ್ನಾಟಕ ಹೈಕೋರ್ಟಿಗೆ ಬಂದ ಮೊಕದ್ದಮೆ ಕಣ್ಣು ತೆರೆಸುವಂಥದ್ದು. ಮದುವೆಗೆ ಮುಂಚೆ ಪಾಲಿಸಿ ಮಾಡಿಸಿದ್ದ ಯುವಕ ತಾಯಿಯನ್ನು ನಾಮಿನಿ ಮಾಡಿದ್ದ. ಮದುವೆಯಾಯಿತು, ಮಗು ಹುಟ್ಟಿತು, ನಾಮಿನಿ ಬದಲಿಸಲಿಲ್ಲ, ತೀರಿಕೊಂಡ. ಅತ್ತೆ ಸೊಸೆ ಕೋರ್ಟಿಗೆ ಹೋದರು. ವಾರಸುದಾರರು ಹಕ್ಕು ಕೇಳಿದಾಗ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾನೂನನ್ನು ಮೀರುವುದಿಲ್ಲ ಎಂದ ಹೈಕೋರ್ಟ್ 2025ರಲ್ಲಿ ತಾಯಿ, ಹೆಂಡತಿ, ಮಗುವಿಗೆ ತಲಾ ಮೂರನೇ ಒಂದು ಭಾಗ ಕೊಟ್ಟಿತು.

ಹಾಗಾದರೆ ಆ ಕಾನೂನು ಏನು ಹೇಳುತ್ತದೆ? ಉಯಿಲು ಬರೆಯದೆ ಹಿಂದೂ ಗಂಡಸು ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ತಾಯಿ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಎಪ್ಪತ್ತರ ಅಪ್ಪ ಹೋದಾಗ ತೊಂಬತ್ತರ ಅಜ್ಜಿ ಇದ್ದರೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಹೆಂಡತಿ ಸೇರಿ ಐದು ಪಾಲು. ಮುಂದೆ ಅಜ್ಜಿಯೂ ಉಯಿಲಿಲ್ಲದೆ ಹೋದರೆ ಆ ಐದನೇ ಪಾಲಿನಲ್ಲಿ ಚಿಕ್ಕಪ್ಪಂದಿರಿಗೂ ಅತ್ತೆಯರಿಗೂ ಹಕ್ಕು ಬರುತ್ತದೆ. ಅಪ್ಪ ದುಡಿದು ಕಟ್ಟಿದ ಮನೆ ಮಾರಲು ಹತ್ತು ಜನರ ಸಹಿ ಬೇಕಾಗುವುದು ಹೀಗೆ.

ಹೆಂಗಸಿನ ಆಸ್ತಿಗೆ ಬೇರೆ ಕ್ರಮ. ಅವರ ಮಕ್ಕಳು ಮತ್ತು ಗಂಡ ಮೊದಲು. ಮಕ್ಕಳಿಲ್ಲದ ವಿಧವೆಯಾದರೆ, ಅವರೇ ಕೆಲಸ ಮಾಡಿ ಕೂಡಿಟ್ಟದ್ದೂ ಹೆತ್ತವರಿಗಿಂತ ಮುಂಚೆ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಹೆತ್ತವರಿಂದ ಬಂದದ್ದು ಮಾತ್ರ ತಂದೆಯ ವಾರಸುದಾರರಿಗೆ ಹಿಂತಿರುಗುತ್ತದೆ. ಹತ್ತಾರು ವರ್ಷ ಶಿಕ್ಷಕಿಯಾಗಿ ದುಡಿದು, ಕೊನೆಗಾಲದಲ್ಲಿ ತಂಗಿಯ ಮಗಳ ಆರೈಕೆಯಲ್ಲಿರುವ ದೊಡ್ಡಮ್ಮನಂಥವರು ಎಷ್ಟು ಮನೆಗಳಲ್ಲಿಲ್ಲ! ಅವರು ಉಯಿಲು ಬರೆಯದಿದ್ದರೆ ನೋಡಿಕೊಂಡವಳಿಗೆ ಬಿಡಿಗಾಸೂ ಇಲ್ಲ. ಉಯಿಲಿನ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ಇಂಥವರಿಗೆ.

ಪಿತ್ರಾರ್ಜಿತದ ಲೆಕ್ಕ ಇನ್ನೊಂದು. ಒಟ್ಟು ಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ ಮದುವೆಯಾದವರಿಗೂ ಬಂತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ವಿಭಾಗಪತ್ರಗಳಿಗೆ ರಕ್ಷಣೆ ಇದೆ. ಆದ್ದರಿಂದ "ಅಕ್ಕನ ಮದುವೆಗೆ ಅಷ್ಟು ಖರ್ಚು ಮಾಡಿದ್ದೇವೆ, ಅವಳಿಗೇನು ಪಾಲು" ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನ್ಯಾಯದಲ್ಲೂ ನಿಲ್ಲಬಾರದು. ಅಕ್ಕತಂಗಿಯರು ಮನಃಪೂರ್ವಕವಾಗಿ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಬೇಕು. ಅಪ್ಪನ ತಿಥಿಯ ದಿನ, ಎಲೆಯ ಮುಂದೆ ಕೂತವಳ ಕೈಯಿಂದ ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಬಿಡುಗಡೆಯಲ್ಲ, ಮೋಸ.

ಗೇಣಿಗಿದ್ದ ಜಮೀನು 1974ರ ಭೂಸುಧಾರಣೆಯಲ್ಲಿ ಬಂದದ್ದಾದರೆ ಇನ್ನಷ್ಟು ಎಚ್ಚರ ಬೇಕು. ಭೂ ನ್ಯಾಯಮಂಡಳಿಯ ಆದೇಶ ದೊಡ್ಡಪ್ಪನ ಹೆಸರಿನಲ್ಲಿದ್ದರೂ ಅವರು ಅರ್ಜಿ ಹಾಕಿದ್ದು ಇಡೀ ಕುಟುಂಬದ ಪರವಾಗಿರಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಅದನ್ನು ಪರಭಾರೆ ಮಾಡುವಂತಿಲ್ಲ. ಇಂಥವಕ್ಕೆ ಮೂಲ ಆದೇಶದ ಪ್ರತಿ ಹಿಡಿದು ವಕೀಲರನ್ನೇ ಕಾಣಬೇಕು.

ಇನ್ನು ಉಯಿಲು. ಇದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಕೈಯಲ್ಲಿ ಬರೆದ ಬಿಳಿ ಹಾಳೆಯೂ ನಡೆಯುತ್ತದೆ. ಬೇಕಾದದ್ದು ಬರೆಯುವವರ ಸ್ವಸ್ಥ ಬುದ್ಧಿ, ಸಹಿ ಅಥವಾ ಹೆಬ್ಬೆಟ್ಟು, ಮತ್ತು ಇಬ್ಬರು ಸಾಕ್ಷಿಗಳ ಸಹಿ. ಮುಂದೆ ಕೋರ್ಟಿನಲ್ಲಿ ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ಹಾಗಾಗಿ ಅಪ್ಪನ ವಯಸ್ಸಿನ ಸ್ನೇಹಿತರಿಬ್ಬರನ್ನು ಸಾಕ್ಷಿ ಮಾಡುವುದು ಜಾಣತನವಲ್ಲ. ನಲವತ್ತರ ಆಸುಪಾಸಿನ, ಊರಿನಲ್ಲೇ ಇರುವ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಇರಲಿ. ಎಂಬತ್ತು ದಾಟಿದವರಾದರೆ ಅದೇ ದಿನಾಂಕದ ವೈದ್ಯರ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ. ಉಯಿಲನ್ನು ಜಾರಿ ಮಾಡುವವರು ಯಾರು ಎಂದು ಹೆಸರಿಸಿ. ಒಬ್ಬರಿಗೆ ಕಡಿಮೆ ಕೊಟ್ಟಿದ್ದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಲಿ. ಕಾರಣ ಕೇಳಲು ಆಗ ಅಪ್ಪ ಇರುವುದಿಲ್ಲ. ಮುಸ್ಲಿಮರಿಗೆ ಉಯಿಲಿನ ಮಿತಿ ಆಸ್ತಿಯ ಮೂರನೇ ಒಂದು ಭಾಗ. ಅದನ್ನು ಮೀರಿದ್ದಕ್ಕೂ ವಾರಸುದಾರರಲ್ಲೇ ಒಬ್ಬರಿಗೆ ಬರೆದದ್ದಕ್ಕೂ ಉಳಿದ ವಾರಸುದಾರರ ಒಪ್ಪಿಗೆ ಬೇಕು.

ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸಿ. ಕಳೆದುಹೋಗುವ, ಹರಿದುಹಾಕುವ ಭಯ ತಪ್ಪುತ್ತದೆ. ಹಾಸಿಗೆ ಹಿಡಿದವರಿದ್ದರೆ ಸಬ್‌ರಿಜಿಸ್ಟ್ರಾರ್ ಮನೆಗೇ ಬಂದು ನೋಂದಾಯಿಸುವ ಅವಕಾಶ ನೋಂದಣಿ ಕಾಯ್ದೆಯಲ್ಲಿದೆ, ಅರ್ಜಿ ಕೊಟ್ಟು ಕೇಳಬೇಕು. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ಉಯಿಲು ತಿದ್ದಬಹುದು, ಕೊನೆಯದ್ದೇ ಊರ್ಜಿತ.

ದಾನಪತ್ರ ಹಾಗಲ್ಲ. ಬರೆದುಕೊಟ್ಟ ದಿನವೇ ಆಸ್ತಿ ಕೈಬಿಡುತ್ತದೆ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕಡಿಮೆ ಎಂದು ಮಕ್ಕಳು ಇದನ್ನೇ ಸೂಚಿಸುತ್ತಾರೆ. ಆದರೆ ವಾಸದ ಮನೆಯನ್ನು ಹೆತ್ತವರು ಬದುಕಿರುವಾಗ ದಾನ ಮಾಡಬಾರದೆಂದೇ ನನ್ನ ಖಚಿತ ಅಭಿಪ್ರಾಯ, ಮಗ ಎಷ್ಟೇ ಒಳ್ಳೆಯವನಾಗಿರಲಿ. ಅವನಿಗೂ ಸಾಲ ಆಗಬಹುದು, ಅವನೇ ಮೊದಲು ಹೋಗಬಹುದು. ಕೊಡಲೇಬೇಕಾದರೆ, ಸಾಯುವವರೆಗೆ ಅಲ್ಲಿಯೇ ವಾಸಿಸುವ ಹಕ್ಕನ್ನೂ ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನೂ ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ದಾನವನ್ನು ರದ್ದುಪಡಿಸಿಕೊಳ್ಳಬಹುದು. ಷರತ್ತು ಬಾಯಿಮಾತಿನಲ್ಲಿ ಉಳಿದರೆ ಅದನ್ನು ಸಾಧಿಸುವುದು ಕಷ್ಟ.

ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆಸಿಕೊಂಡಿದ್ದೇವೆ, ಸಾಕು ಎನ್ನುವವರಿಗೆ ಒಂದು ಮಾತು. ಬರೆದುಕೊಟ್ಟವರ ಉಸಿರು ನಿಂತ ಕ್ಷಣ ಅದರ ಬಲವೂ ನಿಲ್ಲುತ್ತದೆ. ಮರೆವಿನ ಕಾಯಿಲೆಯಿಂದ ಬುದ್ಧಿ ಸ್ವಾಧೀನ ತಪ್ಪಿದರೂ ಅಷ್ಟೆ. ಕೋಮಾದಲ್ಲಿರುವ ತಂದೆಯ ಠೇವಣಿ ಮುರಿದು ಆಸ್ಪತ್ರೆಗೆ ಕಟ್ಟಲು ಮಕ್ಕಳು ಹೈಕೋರ್ಟಿಗೆ ಹೋದ ಉದಾಹರಣೆಗಳಿವೆ. ಜಂಟಿ ಖಾತೆಯೊಂದರಲ್ಲಿ ಆರು ತಿಂಗಳ ಖರ್ಚಿನಷ್ಟು ಹಣ ಇಡುವುದೇ ಇದಕ್ಕೆ ಸುಲಭದ ದಾರಿ. ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ, ವಿಭಾಗ ಅಥವಾ ಬಿಡುಗಡೆಗೆ ಅವರು ಅಲ್ಲಿಂದ ಕಳಿಸುವ ಅಧಿಕಾರ ಪತ್ರಕ್ಕೆ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು ಎಂಬುದು ನೆನಪಿರಲಿ.

ಸಾವಾದ ಮೇಲಿನ ಕ್ರಮ ಅಷ್ಟೇನೂ ಜಟಿಲವಲ್ಲ. 21 ದಿನದೊಳಗೆ ಮರಣ ನೋಂದಣಿ, ಹೆಸರಿನ ಅಕ್ಷರ ಪಹಣಿಗೆ ಹೊಂದುವಂತೆ. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ, ಅದರ ಮೇಲೆ ಪೌತಿ ಖಾತೆಗೆ ಅರ್ಜಿ. ಪಾಲಿನ ಜಗಳ ಬಗೆಹರಿಯಲಿ ಎಂದು ಕಾಯಬೇಕಾಗಿಲ್ಲ. ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿಯಾಗಿ ಮಾಡಿಸಿ, ಪಾಲುಗಳ ಅಳತೆ ತೋರಿಸುವ 11ಇ ನಕ್ಷೆ ತೆಗೆಸಿ ವಿಭಾಗ ಮಾಡಿಕೊಳ್ಳುವುದನ್ನು ಮುಂದೆ ನೋಡಿಕೊಳ್ಳಬಹುದು. ವಂಶವೃಕ್ಷದಲ್ಲಿ ಒಬ್ಬ ತಂಗಿಯ ಹೆಸರು ಬಿಟ್ಟರೂ ಇಡೀ ಖಾತೆ ಮುಂದೊಂದು ದಿನ ಬಿದ್ದುಹೋಗುತ್ತದೆ.

ಆಸ್ತಿಗಿಂತ ಕಷ್ಟದ ಮಾತು ಇನ್ನೊಂದಿದೆ. ಗುಣವಾಗುವ ಆಸೆಯೇ ಇಲ್ಲವೆಂದು ವೈದ್ಯರು ಹೇಳಿದ ಮೇಲೂ ವೆಂಟಿಲೇಟರ್ ಬೇಕೆ? ಐಸಿಯು ಬಾಗಿಲ ಹೊರಗೆ, ದಿನಕ್ಕೆ ಸಾವಿರಾರು ರೂಪಾಯಿ ಕಟ್ಟುತ್ತಾ, "ತೆಗೆಯಿರಿ" ಎನ್ನುವ ಪಾಪ ಯಾರು ಕಟ್ಟಿಕೊಳ್ಳಬೇಕು ಎಂದು ಅಣ್ಣತಂಗಿಯರು ಮುಖ ಮುಖ ನೋಡಿಕೊಳ್ಳುವುದು ಈಗ ಸಾಮಾನ್ಯ ದೃಶ್ಯ. ಆ ನಿರ್ಧಾರವನ್ನು ರೋಗಿಯೇ ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಅದರ ಹಿಂದೆ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಎರಡು ದಶಕಕ್ಕೂ ಮಿಕ್ಕಿದ ಹೋರಾಟವೂ ಇದೆ.

ವಿಧಾನ ಇಷ್ಟು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಬರೆದು, ತನ್ನ ಪರವಾಗಿ ನಿರ್ಧರಿಸುವ ಒಬ್ಬರು ಅಥವಾ ಹೆಚ್ಚು ಜನರ ಹೆಸರು ಹಾಕಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಅಂಥ ಸ್ಥಿತಿ ಬಂದಾಗ ಆಸ್ಪತ್ರೆಯ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ನಂತರ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರಿರುವ ಎರಡನೇ ಮಂಡಳಿ ಪರಿಶೀಲಿಸುತ್ತವೆ. ಎರಡೂ ಮಂಡಳಿಗಳು ಒಪ್ಪಿ, ಮನೆಯವರೂ ಒಪ್ಪಿದ ಮೇಲೆಯೇ ಜೀವರಕ್ಷಕ ಯಂತ್ರ ತೆಗೆಯುವುದು. ಇದು ಮದ್ದು ಕೊಟ್ಟು ಸಾಯಿಸುವುದಲ್ಲ. ನೋವು ಶಮನದ ಆರೈಕೆ ಕೊನೆಯವರೆಗೂ ಇರುತ್ತದೆ. ಕ್ಯಾನ್ಸರ್ ಉಲ್ಬಣಿಸಿದವರಿಗೆ ಬೆಂಗಳೂರಿನ ಕರುಣಾಶ್ರಯ ಅಂಥ ಆರೈಕೆಯನ್ನು ಉಚಿತವಾಗಿ ಕೊಡುತ್ತಾ ಬಂದಿದೆ.

ಕಣ್ಣು ದಾನದ ಆಸೆ ಇದ್ದರೂ ಈಗಲೇ ಹೇಳಿಡಲಿ. ಡಾ. ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್ ಅವರ ನಂತರ ನೋಂದಾಯಿಸಿದವರು ಬಹಳ. ಆದರೆ ಆರು ಗಂಟೆಯೊಳಗೆ ಕಣ್ಣಿನ ಬ್ಯಾಂಕಿಗೆ ಫೋನ್ ಮಾಡುವವರು ಮನೆಯವರೇ. ಅವರು ಒಪ್ಪದಿದ್ದರೆ ನೋಂದಣಿ ಕಾರ್ಡಿಗೆ ಬೆಲೆಯಿಲ್ಲ. ಪೊರೆ ತೆಗೆಸಿದ ಕಣ್ಣಾದರೂ ಕೊಡಬಹುದು.

ಕೊನೆಯದಾಗಿ ಅಮ್ಮನ ವಿಷಯ. ಎಷ್ಟೋ ಮನೆಗಳಲ್ಲಿ ಮನೆ, ಹೊಲ, ಠೇವಣಿ ಎಲ್ಲವೂ ಅಪ್ಪನ ಹೆಸರಿನಲ್ಲಿ, ಅಮ್ಮನ ಹೆಸರಿನಲ್ಲಿ ಗ್ಯಾಸ್ ಸಂಪರ್ಕವೂ ಇರುವುದಿಲ್ಲ. ಅಪ್ಪನ ಮೊದಲ ವರ್ಷದ ತಿಥಿಯೊಳಗೆ ಮಕ್ಕಳು ಪಾಲು ಮಾಡಿಕೊಂಡು, ಅಮ್ಮ ಆರು ತಿಂಗಳು ಇವನ ಮನೆ, ಆರು ತಿಂಗಳು ಅವನ ಮನೆ ಎಂದು ಬಟ್ಟೆಯ ಚೀಲ ಹಿಡಿದು ಓಡಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಬೇರೆ ಯಾವ ಕಾಗದಕ್ಕೆ ಕೈಹಾಕುವ ಮುಂಚೆ ಈ ಮೂರನ್ನು ವಿಚಾರಿಸಿ: ಪಿಂಚಣಿ ಆದೇಶದಲ್ಲಿ ಅಮ್ಮನ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿದೆಯೇ, ಅವರೇ ಸಹಿ ಹಾಕಿ ಹಣ ತೆಗೆಯಬಹುದಾದ ಖಾತೆ ಇದೆಯೇ, ಅವರು ಬದುಕಿರುವವರೆಗೆ ಆ ಮನೆಯಿಂದ ಯಾರೂ ಹೊರಗೆ ಕಳಿಸಲಾಗದಂತೆ ಅಪ್ಪ ಬರೆದಿಟ್ಟಿದ್ದಾರೆಯೇ? ಇಲ್ಲವಾದರೆ ಅಪ್ಪನ ಪಕ್ಕ ಕೂತು ಇಂದೇ ಕೇಳಿ, ಅಮ್ಮನೂ ಅಲ್ಲಿರಲಿ.